ಮೇಷ್ಟ್ರ ಹಾಡಿಗೆ ಗೆರೆ ಎಳೆದವರು

ಹಾಡು ಹೇಳಿಸುವಾಗ ಮೇಷ್ಟ್ರ ಕೈ ಅಲ್ಲಾಡುತ್ತಿರಲಿಲ್ಲ, ಹುಬ್ಬು ಅಲ್ಲಾಡುತ್ತಿತ್ತು. ಬತ್ತಿ ಹೊಸೆದು ಅಂಟಿಸಿದಂತಿದ್ದ ಎರಡು ದಪ್ಪ ಬಿಳಿ ಹುಬ್ಬು. ಸ್ವರ ಏರಿದರೆ ಅವೂ ಹಣೆಗೆ ಏರುತ್ತಿದ್ದವು, ಸ್ವರ ಇಳಿದರೆ ಕನ್ನಡಕದ ಮೇಲೆ ಬಂದು ಕೂರುತ್ತಿದ್ದವು. ಮಕ್ಕಳು ಅವನ್ನೇ ನೋಡಿಕೊಂಡು ಹಾಡುತ್ತಿದ್ದರು. ಅಂಥವರ ಹಾಡಿಗೆ ಗೆರೆ ಎಳೆದರಲ್ಲ, ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಸಿಟ್ಟಿನ ಜೊತೆಗೆ ಹಿಡಿಸಲಾರದಷ್ಟು ಸಂತೋಷವೂ ಇದೆ. ಇಸ್ಕೂಲನ್ನು ಮೂರನೇ ಕ್ಲಾಸಿಗೇ ಬಿಟ್ಟವಳು ನಾನು, ಆದರೂ ಇವೆರಡನ್ನೂ ಬರೆಯದೆ ಬಿಡುವುದಿಲ್ಲ.

ಮೇಷ್ಟ್ರು ಮಂಗಳೂರು ಕಡೆಯ ಕ್ರೈಸ್ತರು. ಅಮೆರಿಕದ ನ್ಯೂಜೆರ್ಸಿಯ ಪಾರ್ಸಿಪನಿಯಲ್ಲಿ ನನ್ನ ಮಗಳ ಮನೆಯ ಎದುರು ಬಿಲ್ಡಿಂಗಿನಲ್ಲಿ ಒಬ್ಬರೇ ಇದ್ದರು. ಕೆಲಸದಿಂದ ರಿಟೈರ್ ಆದ ಮೇಲೆ ಮಾರಿಸ್‌ಟೌನ್ ಹತ್ತಿರದ ಒಂದು ಚರ್ಚಿನಲ್ಲಿ ಮಕ್ಕಳಿಗೆ ಹಾಡು ಹೇಳಿಕೊಡುತ್ತಿದ್ದರು. ಪಾರ್ಕಿಂಗ್ ಲಾಟಿನಲ್ಲಿ ಸೈಕಲ್ ಹೊಡೆಯುತ್ತ ಹಾಡಿಕೊಳ್ಳುತ್ತಿದ್ದ ನನ್ನ ಮೊಮ್ಮಗಳ ದನಿ ಕೇಳಿ ಅವರೇ ಬಂದು ಬಾಗಿಲು ತಟ್ಟಿದರು.

ನನ್ನ ಮಗಳು ಹಿಂಜರಿದಳು. "ಅಂಕಲ್, ನಾವು ಚರ್ಚಿಗೆ ಹೋಗೋ ಜನ ಅಲ್ಲ."

"ದೇವರು ದನಿ ಕೊಡುವಾಗ ನಿಮ್ಮ ಅಡ್ರೆಸ್ ಕೇಳಿದ್ನಾ ಮಾರಾಯ್ರೆ?" ಅಂದರು ಮೇಷ್ಟ್ರು.

ಅಂದಿನಿಂದ ಪ್ರತಿ ಶನಿವಾರ ಮೊಮ್ಮಗಳನ್ನು ಅವರ ಮನೆಗೆ ಕರೆದುಕೊಂಡು ಹೋಗುವುದು ನನ್ನ ಕೆಲಸವಾಯಿತು. ಭಾನುವಾರ ಅವಳು ಚರ್ಚಿನ ಮಕ್ಕಳ ಜೊತೆಗೂ ಹಾಡತೊಡಗಿದಳು. ಅವಳು ಹಾಡುವಳು, ನಾನು ಸೋಫಾದ ಮೂಲೆಯಲ್ಲಿ ಕೂತು ಕೇಳುವೆ. ಹಾಡೆಲ್ಲ ಲ್ಯಾಟಿನ್. ಅರ್ಥ ಒಂದಕ್ಷರ ಗೊತ್ತಿಲ್ಲ, ಆದರೆ ಕೈ ಸುಮ್ಮನಿರಬೇಕಲ್ಲ. ತೊಡೆಯ ಮೇಲೆ ತಾಳ ಹಾಕಲು ಶುರುಮಾಡಿದೆ. ಮೇಷ್ಟ್ರು ಹಾಡು ನಿಲ್ಲಿಸಿದರು.

"ಅಮ್ಮ, ಆ ತೊಡೆಗೆ ಎಂತಕ್ಕೆ ಹೊಡೀತೀರಿ? ಪಾಪ, ಅದೆಂತ ಮಾಡಿದೆ ನಿಮಗೆ?"

"ತಾಳ ಬ್ಯಾಡ್ವಾ ಮೇಷ್ಟ್ರೇ?"

"ಈ ಹಾಡಿಗೆ ತಾಳ ಇಲ್ಲ. ಮಾತು ಎಷ್ಟು ಉದ್ದವೋ ಸ್ವರ ಅಷ್ಟು ಉದ್ದ. ಉಸಿರು ಎಲ್ಲಿ ಮುಗೀತದೋ ಅಲ್ಲಿ ನಿಲ್ಲೋದು."

"ಹಂಗಾದ್ರೆ ನಮ್ಮ ಉಗಾಭೋಗ ಇದ್ದಂಗೆ ಅನ್ನಿ" ಅಂದೆ. ದಾಸರ ಪದ ಶುರುಮಾಡುವ ಮುಂಚೆ ತಾಳವಿಲ್ಲದೆ ಉಗಾಭೋಗ ಹೇಳುತ್ತೇವಲ್ಲ, ಹಾಗೆ. ಹೇಳಿ ತೋರಿಸಿ ಅಂದರು. ನನ್ನ ತಾಯಿಯಿಂದ ಕಲಿತ ಒಂದನ್ನು ಹೇಳಿದೆ. ಮುಗಿಯುವ ತನಕ ಹುಬ್ಬು ಹಣೆಯಲ್ಲೇ ನಿಂತಿತ್ತು. ಆಮೇಲೆ ಕಂಪ್ಯೂಟರಿನ ಕಡೆ ತಿರುಗಿ, "ಕೇಳಿದ್ಯಾ? ಇದನ್ನೇ ಅಲ್ವಾ ನಾನು ನಿನಗೆ ಹೇಳಿ ಹೇಳಿ ಸಾಯ್ತಾ ಇರೋದು?" ಎಂದು ಅದನ್ನು ಬೈದರು.

ಬೈಯಲು ಕಾರಣವಿತ್ತು. ಹಳೆಯ ಪುಸ್ತಕದಲ್ಲಿ ಈ ಹಾಡುಗಳಿಗೆ ಅಡ್ಡಡ್ಡ ನಾಲ್ಕೇ ಗೆರೆ. ಅದರ ಮೇಲೆ ಸ್ವರಗಳು ಸಣ್ಣ ಸಣ್ಣ ಚೌಕ, ಕೊಬ್ಬರಿ ಮಿಠಾಯಿ ಕತ್ತರಿಸಿ ಜೋಡಿಸಿದ ಹಾಗೆ. ಮಕ್ಕಳಿಗೆ ಓದಲು ಬರಲೆಂದು ಮೇಷ್ಟ್ರು ಅವನ್ನು ಕಂಪ್ಯೂಟರಿನಲ್ಲಿ ಹೊಸದಾಗಿ ಬರೆಯುತ್ತಿದ್ದರು. ಅದರ ಸಾಫ್ಟ್‌ವೇರು ತಾಳದ ಹಾಡು ಬರೆಯಲು ಮಾಡಿದ್ದು. ನಾಲ್ಕು ಸ್ವರ ಇಟ್ಟರೆ ಸಾಕು, ಯಾರೂ ಕೇಳದಿದ್ದರೂ ತಾಳದ ಒಂದು ಮನೆ ಮುಗಿಯಿತೆಂದು ತಾನಾಗಿ ಒಂದು ಉದ್ದ ಗೆರೆ ನಿಲ್ಲಿಸಿಬಿಡುವುದು. ಸ್ವರ ಕಮ್ಮಿ ಬಿದ್ದರೆ ಮಧ್ಯೆ ಸುಮ್ಮನಿರುವ ಗುರುತು ತುಂಬುವುದು. ಉಸಿರಿರುವ ಕಡೆ ಗೋಡೆ, ಗೋಡೆ ಬೇಕಾದ ಕಡೆ ಬಾಗಿಲು! ಅದಕ್ಕೆ ಮೇಷ್ಟ್ರು ಒಂದು ಉಪಾಯ ಮಾಡಿದ್ದರು. ಒಂದು ಸಾಲು ಪೂರ್ತಿ ಒಂದೇ ಮನೆ ಎಂದು ಅದನ್ನು ನಂಬಿಸಿ, ತಾಳದ ಅಂಕಿಯನ್ನು ಮರೆಮಾಡಿ, ಕಾಲ ತೋರಿಸಲು ಅದು ಸ್ವರಗಳಿಗೆ ಅಂಟಿಸಿದ ಕಡ್ಡಿಯನ್ನೆಲ್ಲ ಒಂದೊಂದಾಗಿ ಕಿತ್ತುಹಾಕುವುದು. ಒಂದು ಪುಟಕ್ಕೆ ಎರಡು ಮೂರು ಶನಿವಾರ ಹಿಡಿಯುತ್ತಿತ್ತು.

ಅವರು ಜೀವ ಇಟ್ಟು ಬರೆದದ್ದು ಒಂದು ಹಾಡು. ಸತ್ತವರನ್ನು ಚರ್ಚಿನಿಂದ ಹೊರಗೆ ಹೊತ್ತೊಯ್ಯುವಾಗ ಹೇಳುವುದು.

"ಇದು ನನ್ನದೇ ಖರ್ಚಿಗೆ ಅಮ್ಮ" ಎಂದು ನಕ್ಕರು. ಶ್ವಾಸಕೋಶದ ಕಾಯಿಲೆ ಆಗಲೇ ಬಲಿತಿತ್ತು, ಮೂಗಿಗೆ ನಳಿಕೆ ಬಂದಿತ್ತು. "ನನ್ನನ್ನು ಕಳಿಸುವಾಗ ಮಾತ್ರ ಲೆಫ್ಟ್ ರೈಟ್ ಮಾಡಬಾರದು. ನಿಮ್ಮ ಮೊಮ್ಮಗಳು ಶುರು ಮಾಡ್ಲಿ. ಇದನ್ನು ಒಬ್ಬರು ಎತ್ತಿಕೊಡೋದು, ಉಳಿದವರು ಹಿಂದೆ ಬರೋದು."

ನಾನು "ಬಿಡ್ತು ಅನ್ನಿ" ಅಂದೆ. ಅವರು ಅನ್ನಲಿಲ್ಲ.

ಚರ್ಚಿಗೆ ಹೊಸದಾಗಿ ಒಬ್ಬ ಮ್ಯೂಸಿಕ್ ಮೇಡಂ ಬಂದಿದ್ದಳು. ಮೇಷ್ಟ್ರು ಆಸ್ಪತ್ರೆಯಲ್ಲಿದ್ದಾಗ ಅವರ ಫೈಲನ್ನು ತನ್ನ ಕಂಪ್ಯೂಟರಿನಲ್ಲಿ ತೆರೆದಳಂತೆ. ಗೆರೆಗಳಿಲ್ಲ! ಪಾಪ, ವಯಸ್ಸಾದವರು, ಮರೆತಿದ್ದಾರೆ ಎಂದುಕೊಂಡು ಎಲ್ಲ ಗೆರೆಗಳನ್ನೂ ವಾಪಸ್ ನಿಲ್ಲಿಸಿ ಅಚ್ಚು ಹಾಕಿ ಹಂಚಿಬಿಟ್ಟಳು. ಮೊಮ್ಮಗಳು ಆ ಹಾಳೆಯನ್ನು ಆಸ್ಪತ್ರೆಗೆ ತಂದು ತೋರಿಸಿದಳು. ಮೇಷ್ಟ್ರು ಕೋಪ ಮಾಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಹಾಸಿಗೆಯಲ್ಲಿ ಎದ್ದು ಕೂತು ಮೇಡಂಗೆ ಫೋನ್ ಮಾಡಿಸಿ ಇಂಗ್ಲಿಷಿನಲ್ಲಿ ಕೂಗಾಡಿದರು. ಕೂಗಲು ಉಸಿರು ಸಾಲದೆ ಕೆಮ್ಮಿದರು. ಫೋನ್ ಇಟ್ಟ ಮೇಲೆ, "ಕ್ಲೀನ್ ಮಾಡಿದ್ದಂತೆ ಅಮ್ಮ! ನಾನೆಂತ ಗಲೀಜು ಮಾಡಿದ್ದೆನಾ?" ಅಂದರು. ಆಗ ಅವರ ಕಣ್ಣಲ್ಲಿ ನೀರಿತ್ತು.

ನನ್ನ ಮಗಳು ಕಾರಿನಲ್ಲಿ "ಹೋಗ್ಲಿ ಬಿಡಮ್ಮ, ಇಟ್ಸ್ ಎ ಸ್ಮಾಲ್ ಥಿಂಗ್" ಅಂದಳು. ಸ್ಮಾಲ್ ಅಂತೆ! ನೀನು ಮಾಡಿದ ಸಾರಿಗೆ ಪಕ್ಕದ ಮನೆಯವಳು ಬಂದು ಸಕ್ಕರೆ ಸುರಿದು, ಸರಿಮಾಡಿದೆ ಅಂದರೆ ಸುಮ್ಮನಿರುತ್ತೀಯಾ ಎಂದು ಕೇಳಿದೆ.

ಮೇಷ್ಟ್ರು ಮನೆಗೆ ಬರಲೇ ಇಲ್ಲ. ಮಣ್ಣಿನ ದಿನ ನಾವೆಲ್ಲ ಚರ್ಚಿಗೆ ಹೋದೆವು. ಬಾಗಿಲಲ್ಲಿ ಮೇಡಂ ಮಕ್ಕಳಿಗೆ ಹಾಳೆ ಕೊಡುತ್ತಿದ್ದಳು. ಇಂಗ್ಲಿಷ್ ಓದಲು ನನಗೆ ಬಾರದು, ಗೆರೆ ಕಾಣದೇ ಇರುತ್ತದೆಯೇ? ಸಾಲುಸಾಲಾಗಿ ನಿಂತಿದ್ದವು, ಜೈಲಿನ ಕಂಬಿ ಹಾಗೆ. ಮೈ ಉರಿದುಹೋಯಿತು. ಹಾಳೆ ಕಿತ್ತುಕೊಂಡು, "ನೋ ಲೈನ್! ಮೇಷ್ಟ್ರು ನೋ ಲೈನ್!" ಎಂದೆ. ನನಗೆ ಬರುವ ಇಂಗ್ಲಿಷ್ ಅಷ್ಟೇ.

ಮೇಡಂ ನನ್ನ ಭುಜ ಸವರಿ, ಮಕ್ಕಳಿಗೆ ಹೀಗಿದ್ದರೇ ಈಸಿ ಎಂದು ನಕ್ಕಳು. ಮಗು ಹಟ ಮಾಡಿದರೆ ನಗುತ್ತಾರಲ್ಲ, ಆ ನಗು.

"ಅಜ್ಜಿ, ಸ್ಟಾಪ್. ಐ ಗಾಟ್ ಇಟ್" ಎಂದು ಮೊಮ್ಮಗಳು ನನ್ನ ಕೈಯಿಂದ ಹಾಳೆ ತೆಗೆದುಕೊಂಡು ಒಳಗೆ ಹೋದಳು.

ಪೆಟ್ಟಿಗೆ ಹೊರಡುವ ಹೊತ್ತಿಗೆ ಮೇಡಂ ಕೈ ಎತ್ತಿದಳು. ನನ್ನ ಮಗು ಹಾಳೆಯನ್ನು ಮುಂದಿನ ಬೆಂಚಿನ ಮೇಲೆ ಮಗುಚಿ ಇಟ್ಟು, ಕಣ್ಣು ಮುಚ್ಚಿ ಒಬ್ಬಳೇ ಎತ್ತಿಕೊಂಡಳು. ಅಯ್ಯೋ, ಆ ದನಿಯನ್ನು ಹೇಗೆ ಬರೆಯಲಿ! ಮೇಡಂ ಕೈ ಒಂದೆರಡು ಸಲ ಮೇಲೆ ಕೆಳಗೆ ಆಡಿತು. ಇವಳು ಆ ಕಡೆ ನೋಡಿದರೆ ತಾನೇ? ಮಾತು ಉದ್ದವಿದ್ದಲ್ಲಿ ಎಳೆದಳು, ಮುಗಿದಲ್ಲಿ ಬಿಟ್ಟಳು. ಮೊದಮೊದಲು ಉಳಿದ ಮಕ್ಕಳು ತಡವರಿಸಿದರು, ಹಾಳೆ ನೋಡಿದರು, ಇವಳನ್ನು ನೋಡಿದರು. ಆಮೇಲೆ ಒಬ್ಬೊಬ್ಬರಾಗಿ ಹಾಳೆ ಕೆಳಗಿಳಿಸಿದರು. ಇವಳು ಉಸಿರು ತೆಗೆದುಕೊಂಡಾಗ ಅವರೂ ತೆಗೆದುಕೊಂಡರು. ಮೇಡಂ ಕೈ ಕೆಳಗಿಳಿಯಿತು. ಮೇಷ್ಟ್ರು ಆ ಹಾಡಿನೊಳಗೇ ಬಾಗಿಲು ದಾಟಿದರು.

ಹೊರಗೆ ಬಂದ ಮೇಲೆ ಮೇಡಂ ಮೊಮ್ಮಗಳನ್ನು ನಿಲ್ಲಿಸಿ, ಚೆನ್ನಾಗಿತ್ತು, ಆದರೆ ಹಾಳೆಯಲ್ಲಿ ಇದ್ದ ಹಾಗೆ ಹಾಡಲಿಲ್ಲವಲ್ಲ ಅಂದಳು.

"ಹಿ ನೆವರ್ ಬ್ರೀದ್ಡ್ ದೇರ್" ಎಂದಳು ನನ್ನ ಮೊಮ್ಮಗಳು. ಮೇಷ್ಟ್ರು ಆ ಗೆರೆಗಳಿರುವ ಕಡೆ ಯಾವತ್ತೂ ಉಸಿರು ತೆಗೆದುಕೊಳ್ಳುತ್ತಿರಲಿಲ್ಲ, ಅಂತ. ಅಷ್ಟು ಹೇಳಿ ಮೇಡಂ ಮುಖವನ್ನೇ ನೋಡುತ್ತ ನಿಂತಳು.

ದೊಡ್ಡವರಿಗೆ ಎದುರುತ್ತರ ಕೊಟ್ಟರೆ ಗದರುವ ಅಜ್ಜಿ ನಾನು. ಅವತ್ತು ಎಲ್ಲರ ಎದುರಿಗೇ ಅವಳನ್ನು ಬಾಚಿ ತಬ್ಬಿಕೊಂಡು, ಅಳುತ್ತ ನಗುತ್ತ, ಎರಡೂ ಕೆನ್ನೆಗೆ ಮುತ್ತು ಕೊಟ್ಟೆ. ಆ ಒಂದು ಮಾತು ಹೇಳುವ ಗಟ್ಟಿತನ ಅವಳಿಗೆ ಬಂದದ್ದು ನನ್ನಿಂದಲ್ಲ, ಅವಳ ಅಪ್ಪ ಅಮ್ಮನಿಂದಲೂ ಅಲ್ಲ.