ಐವತ್ತು ರೀಡಿಂಗ್

ನೀಲಮ್ಮ ಮೇಡಂ ಬಗ್ಗೆ ಬರೆಯುವ ಯೋಗ್ಯತೆ ನನಗಿಲ್ಲ. ಆದರೂ ಬರೆಯುತ್ತಿದ್ದೇನೆ, ಬೇರೆ ಯಾರೂ ಬರೆಯುವುದಿಲ್ಲವಲ್ಲ.

ಕೆಂಗೇರಿ ದಾಟಿದ ಮೇಲೆ ಸಿಗುವ ನಮ್ಮ ಕಾಲೇಜಿನ ಎಂಬೆಡೆಡ್ ಲ್ಯಾಬಿನಲ್ಲಿ ಅವರು ಇನ್‌ಸ್ಟ್ರಕ್ಟರ್. ಹಾವೇರಿ ಕಡೆಯವರು, ಡಿಪ್ಲೊಮಾ ಓದಿದವರು. ಹಣೆಯಲ್ಲಿ ವಿಭೂತಿ, ಕೈಯಲ್ಲಿ ಮಲ್ಟಿಮೀಟರ್. ಪ್ರೊಫೆಸರುಗಳು ಬಂದು ಪಿಪಿಟಿ ತೋರಿಸಿ ಹೋಗುತ್ತಿದ್ದರು. ಸುಟ್ಟ ಬೋರ್ಡನ್ನು ಮೂಸಿ ನೋಡಿ ಯಾವ ಚಿಪ್ ಹೋಗಿದೆ ಅಂತ ಹೇಳುತ್ತಿದ್ದವರು ಇವರು. ಅವರ ಕಾಟ ಒಂದೇ. ಏನೇ ಮಾಡಿದರೂ ಐವತ್ತು ಸಲ ಪರೀಕ್ಷಿಸಬೇಕು, ಐದು ನಿಮಿಷಕ್ಕೊಂದು ರೀಡಿಂಗ್ ರೆಕಾರ್ಡ್ ಪುಸ್ತಕದಲ್ಲಿ ಬರೆಯಬೇಕು. ತಪ್ಪು ಬಂದರೂ ಬರೆಯಬೇಕು. ಹಾಗೆ ಬರೆದ ತಪ್ಪಿನ ಪಕ್ಕ ಸಣ್ಣದಾಗಿ ಸಹಿ ಹಾಕಿ ಖುಷಿಪಡುತ್ತಿದ್ದರು. ನಾವು ಅವರಿಗೆ ಐವತ್ತಮ್ಮ ಅಂತ ಹೆಸರಿಟ್ಟಿದ್ದೆವು. ಇಟ್ಟವನು ನಾನೇ.

ಆರನೇ ಸೆಮಿಸ್ಟರಿನಲ್ಲಿ ನಾನೂ ನನ್ನ ಲ್ಯಾಬ್ ಜೊತೆಗಾರ ಶ್ರೀರಾಮನೂ ನೀರಿನ ಟ್ಯಾಂಕಿಗೆ ಒಂದು ಸರ್ಕ್ಯೂಟ್ ಮಾಡಿದೆವು. ಟ್ಯಾಂಕಿನ ಮುಚ್ಚಳಕ್ಕೆ ಒಳಗಿನಿಂದ ಒಂದು ಸೆನ್ಸರ್. ನೀರು ಎಷ್ಟು ಕೆಳಗಿದೆ ಅಂತ ಅದು ಅಳೆಯುತ್ತದೆ. ಖಾಲಿಯಾದರೆ ಸಂಪಿನ ಮೋಟರ್ ತಾನೇ ಆನ್, ತುಂಬಿದರೆ ತಾನೇ ಆಫ್. ಲ್ಯಾಬಿನ ಕಿಟಕಿ ಪಕ್ಕ ಬಿಸಿಲಿನಲ್ಲಿ ನೀರಿನ ಡ್ರಮ್ಮಿಗೆ ಮುಚ್ಚಳ ಹಾಕಿಕೊಂಡು ಕೂತೆವು. ಹನ್ನೆರಡು ರೀಡಿಂಗ್ ಸರಿಯಾಗಿ ಬಂತು. ಅಷ್ಟರಲ್ಲಿ ಒಂದು ಗಂಟೆ ಕಳೆದಿತ್ತು, ಬೇಜಾರೂ ಆಗಿತ್ತು. ಮಿಕ್ಕ ಮೂವತ್ತೆಂಟನ್ನು ನಾನು ಕ್ಯಾಂಟೀನಿನಲ್ಲಿ ಕೂತು ಬರೆದೆ. ಟೇಬಲ್ ತುಂಬಿಸುವುದು ಅಂತ ನಮ್ಮಲ್ಲಿ ಅದಕ್ಕೆ ಹೆಸರು, ಸೀನಿಯರುಗಳು ಹೇಳಿಕೊಡುವ ಮೊದಲ ವಿದ್ಯೆ. ನಂಬಿಕೆ ಬರಲಿ ಅಂತ ಎರಡು ಕಡೆ ಸಣ್ಣ ತಪ್ಪನ್ನೂ ಹಾಕಿದೆ. ಮೇಡಂ ಆ ಎರಡಕ್ಕೂ ಸಹಿ ಹಾಕಿದರು.

ಅವರಿಗೆ ಆ ಸರ್ಕ್ಯೂಟ್ ಎಷ್ಟು ಹಿಡಿಸಿತೆಂದರೆ, ನಮ್ಮ ಬಿಲ್ಡಿಂಗಿಗೆ ಹಾಕಿಕೊಳ್ಳಲೇ ಅಂತ ಕೇಳಿದರು. ಹೆಗ್ಗನಹಳ್ಳಿಯಲ್ಲಿ ಅವರದು ಬಾಡಿಗೆ ಮನೆ. ನಾಲ್ಕು ಸಂಸಾರಕ್ಕೆ ಒಂದೇ ಟ್ಯಾಂಕ್, ಮೋಟರ್ ಆರಿಸುವುದನ್ನು ಯಾರು ಮರೆತರು ಅಂತ ದಿನಾ ಜಗಳ. ಓನರ್ ಚಿಕ್ಕಗಂಗಮ್ಮನವರನ್ನು ಒಪ್ಪಿಸಿ, ಮೇಡಂ ತಾವೇ ಏಣಿ ಹತ್ತಿ ಕೂರಿಸಿದರು. ಆಗಲೇ ಹೇಳಬಹುದಿತ್ತು. ಇಂಟರ್ನಲ್ಸ್ ಮಾರ್ಕ್ಸ್ ಇನ್ನೂ ಹಾಕಿರಲಿಲ್ಲ, ಬಾಯಿ ಮುಚ್ಚಿಕೊಂಡಿದ್ದೆ.

ಎರಡನೇ ವಾರ ಒಂದು ಬೆಳಿಗ್ಗೆ ಕಾವೇರಿ ನೀರು ಬಂದು ಸಂಪು ತುಂಬಿತು. ಮೋಟರ್ ತಾನೇ ಶುರುವಾಯಿತು, ಎಲ್ಲರೂ ನಿಶ್ಚಿಂತೆಯಿಂದ ಕೆಲಸಕ್ಕೆ ಹೋದರು. ಟ್ಯಾಂಕ್ ತುಂಬಿದರೂ ಮೋಟರ್ ನಿಲ್ಲಲಿಲ್ಲ. ಮಧ್ಯಾಹ್ನ ಮೇಲಿನ ಮನೆಯವರು ಬಂದು ಸ್ವಿಚ್ ಆರಿಸುವ ಹೊತ್ತಿಗೆ ಸಂಪಿನ ನೀರೆಲ್ಲ ಮೋರಿ ಸೇರಿತ್ತು. ಮತ್ತೆ ನೀರು ಬರುವುದು ನಾಲ್ಕು ದಿನಕ್ಕೆ. ಟ್ಯಾಂಕಿನಲ್ಲಿದ್ದದ್ದು ಮಾರನೆಯ ದಿನಕ್ಕೇ ಮುಗಿಯಿತು.

ಲ್ಯಾಬಿಗೆ ಬಂದ ಮೇಡಂ ನಮ್ಮನ್ನು ಒಂದು ಮಾತೂ ಬೈಯಲಿಲ್ಲ. "ವೈರಿಂಗ್‌ನಾಗ ನಾನೇ ಎಲ್ಲೋ ತಪ್ಪು ಮಾಡೀನಿ. ನೀವು ಐವತ್ತು ಸಲ ನೋಡೀರಲ್ಲ," ಅಂದರು.

ಅವರು ಬಿಚ್ಚಿ ತಂದಿದ್ದ ಸೆನ್ಸರನ್ನು ಮತ್ತೆ ಮುಚ್ಚಳಕ್ಕೆ ಹಾಕಿ, ಅವತ್ತು ಡ್ರಮ್ಮಿನ ಮುಂದೆ ನಾನೊಬ್ಬನೇ ನಿಯತ್ತಾಗಿ ಕೂತೆ. ಇಪ್ಪತ್ತಮೂರನೇ ರೀಡಿಂಗ್ ಹುಚ್ಚುಹುಚ್ಚಾಗಿ ಬಂತು. ತುಂಬಿದ ಡ್ರಮ್ಮನ್ನು ಖಾಲಿ ಅಂತ ತೋರಿಸುತ್ತಿತ್ತು. ಮುಚ್ಚಳ ತೆಗೆದು ನೋಡಿದರೆ, ಒಳಗಿನ ಹಬೆಗೆ ಸೆನ್ಸರಿನ ಮೇಲೆಲ್ಲ ಹನಿ ಕೂತಿತ್ತು. ಇನ್ನೊಂದು ಗಂಟೆ ಕೂತಿದ್ದರೆ ಮೊದಲೇ ಗೊತ್ತಾಗುತ್ತಿತ್ತು. ನನ್ನ ಮುಖಕ್ಕೆ ನಾನೇ ಉಗಿಯಬೇಕು ಅನ್ನಿಸಿತು. ಮೇಡಂ ಅಷ್ಟರಲ್ಲಿ ಅರ್ಧ ದಿನ ರಜೆ ಹಾಕಿ ಮನೆಗೆ ಹೋಗಿದ್ದರು. ನೇರ ಹೆಗ್ಗನಹಳ್ಳಿಗೆ ಹೋದೆ, ಹೇಳಿಬಿಡಲು.

ಗೇಟಿನಲ್ಲೇ ಚಿಕ್ಕಗಂಗಮ್ಮನವರು ಸಿಕ್ಕಿದರು. ನಾನು ಯಾರೆಂದು ಕೇಳಿ ತಿಳಿದುಕೊಂಡು, ಮೂರೂ ಮನೆಯವರು ತಮ್ಮ ಮೇಲೆ ಬಿದ್ದಿದ್ದಾರೆ ಅಂತ ಗೋಳು ಹೇಳಿಕೊಂಡರು. ಆಮೇಲೆ ದನಿ ತಗ್ಗಿಸಿದರು. "ಈ ತಿಂಗಳು ಮುಗಿದ್ಮೇಲೆ ಮನೆ ಖಾಲಿ ಮಾಡಿ ಅಂತ ನೀಲಮ್ಮನಿಗೆ ಹೇಳಿದೀನಿ ಕಣಪ್ಪ. ನಂಗೂ ಮನಸ್ಸಿಲ್ಲ. ನೀವು ಮಾಡಿದ್ರಲ್ಲಿ ಏನಾದ್ರೂ ತಪ್ಪಿದ್ರೆ ಈಗ್ಲೇ ಹೇಳ್ಬಿಡು, ಆ ಮಾತು ವಾಪಸ್ ತಗೋತೀನಿ."

ಹೇಳಲೆಂದೇ ಬಂದಿದ್ದೆ. ಒಂದೇ ಒಂದು ಮಾತು. ಆದರೆ ಕಾಲೇಜಿಗೆ ಗೊತ್ತಾದರೆ, ಮಾರ್ಕ್ಸ್ ಹೋದರೆ, ಮನೆಯಲ್ಲಿ ಅಪ್ಪ ಕೇಳಿದರೆ ಅಂತ ಆ ಒಂದು ಗಳಿಗೆಯಲ್ಲಿ ಎಲ್ಲ ತಲೆಗೆ ಬಂತು.

"ನಮ್ದು ಸರಿಯಾಗೇ ಇತ್ತು ಆಂಟಿ," ಅಂದೆ.

ತಿರುಗಿದರೆ ಹಿಂದೆ ಮೇಡಂ ನಿಂತಿದ್ದರು. ಬೀದಿ ಬೋರ್‌ವೆಲ್ಲಿನಿಂದ ನೀರು ಹೊತ್ತು ತಂದಿದ್ದರು, ಸೊಂಟದಲ್ಲಿ ಕೊಡ, ಸೀರೆ ಒಂದು ಕಡೆ ಪೂರ್ತಿ ಒದ್ದೆ. ನನ್ನ ಮಾತು ಅವರಿಗೆ ಕೇಳಿಸಿತ್ತು.

"ಹೌದ್ರೀ, ಹುಡುಗರದು ಏನೂ ತಪ್ಪಿಲ್ಲ," ಅಂದರು. ಅವರು ನನ್ನನ್ನು ಕಾಪಾಡುತ್ತಿರಲಿಲ್ಲ. ನಿಜವಾಗಿಯೂ ಹಾಗೇ ನಂಬಿದ್ದರು. ಬಿಸಿಲಲ್ಲಿ ಬಂದಿದಾನೆ, ಏನಾದರೂ ಕುಡಿದು ಹೋಗಲಿ ಅಂತ ನನ್ನನ್ನು ಒಳಗೆ ಕರೆದು, ಆ ಕೊಡದ ನೀರಿನಲ್ಲೇ ಕಾಫಿ ಮಾಡಿಕೊಟ್ಟರು. ಪೂರ್ತಿ ಕುಡಿದು ಬಂದೆ. ತಿಂಗಳ ಕೊನೆಗೆ ಅವರು ಆ ಮನೆ ಬಿಟ್ಟರು.