ಮೂಸಬಾರದ ದ್ರಾಕ್ಷಿ ರಸ

ದ್ರಾಕ್ಷಿಯ ಘಮದಲ್ಲಿ ಬಹುಪಾಲು ಸಕ್ಕರೆಗೆ ಅಂಟಿಕೊಂಡು, ಮೂಗಿಗೆ ಸಿಗದಂತೆ ಕುಳಿತಿರುತ್ತದೆ. ಒಂದು ಕಿಣ್ವ ಬಂದು ಆ ಅಂಟು ಬಿಡಿಸಿದರೆ ಘಮ ಹೊರಗೆ ಬರುತ್ತದೆ. ರಾಯಚೂರಿನ ಲ್ಯಾಬಿನಲ್ಲಿ ನನಗೆ ಅದೇ ಕಿಣ್ವದ ಕೆಲಸ. ಮಾನ್ವಿಯ ನಮ್ಮ ಓಣಿಯಲ್ಲಿ ಮಾತ್ರ ಅವ್ವ ಹಬ್ಬಿಸಿದ ಸುದ್ದಿಯೇ ಬೇರೆ: "ನಮ್ಮ ಹುಡುಗಿ ದ್ರಾಕ್ಷಿ ಮೂಸ್ತಾಳ್ರೀ, ಅದಕ್ಕ ಪಗಾರ ಕೊಡ್ತಾರ."

ದೇವದುರ್ಗದಿಂದ ನನ್ನನ್ನು ನೋಡಲು ಬಂದವರು ಮಂಡಕ್ಕಿ ಒಗ್ಗರಣಿ, ಮಿರ್ಚಿ ಭಜಿ ತಿನ್ನುತ್ತಲೇ ಮಾತು ಎತ್ತಿದರು. ಹುಡುಗ ನನಗೆ ಹಿಡಿಸಿದ್ದ, ಅದೇ ಫಜೀತಿ. ಅವನ ತಾಯಿ, "ಮದುವಿ ಆದ್ಮ್ಯಾಲ ಈ ಮೂಸೋ ನೌಕರಿ ಬಿಡಬೇಕವ್ವ," ಅಂದುಬಿಟ್ಟರು. ಮೈಯೆಲ್ಲ ಉರಿಯಿತು ನನಗೆ. ಹುಡುಗನೂ ಬೇಕು, ನೌಕರಿಯೂ ಬೇಕು. ಹೀಗಾದೀತು ಅನ್ನೋ ಅನುಮಾನ ಮೊದಲೇ ಇದ್ದುದರಿಂದ ಫ್ರಿಜ್ಜಿನಲ್ಲಿ ಎರಡು ಬಟ್ಟಲು ದ್ರಾಕ್ಷಿ ರಸ ಇಟ್ಟಿದ್ದೆ. ಒಂದು ಬರೀ ರಸ. ಇನ್ನೊಂದಕ್ಕೆ, ತಿನ್ನುವ ಪದಾರ್ಥಗಳಿಗೆ ಬಳಸುವ ಕಿಣ್ವ ಬೆರೆಸಿದ್ದೆ. ನನ್ನ ಕೆಲಸ ಏನೆಂದು ಅವರ ಮೂಗಿಗೇ ಗೊತ್ತಾಗಲಿ ಅಂತ ಎರಡನ್ನೂ ತಂದಿಟ್ಟೆ.

"ಮೂಸಿ ನೋಡ್ರಿ. ಯಾವ್ದು ಘಮ್ಮಂತದ ಹೇಳ್ರಿ."

ಹುಡುಗನ ತಾಯಿ ಗಬಕ್ಕನೆ ಮೂಗು ಮುಚ್ಚಿಕೊಂಡರು. "ಯಪ್ಪಾ! ಸೋಮಾರ ದಿನ, ದೇವ್ರಿಗೆ ಎಡಿ ಹಿಡಿಯೋಕಿಂತ ಮೊದ್ಲ ಮೂಸ್ತಾರೇನ?"

ಪೂಜೆಗೆ ಮುಂಚೆ ಹೂ ಹಣ್ಣು ಮೂಸುವಂತಿಲ್ಲ, ನಿಜ. ಆದರೆ ನಾನು ತಂದದ್ದು ಪೂಜೆಗಲ್ಲ! ಯಾರು ಕೇಳುತ್ತಾರೆ? ಅವ್ವನೇ ಎದ್ದು ಎರಡೂ ಬಟ್ಟಲನ್ನು ದೇವರ ಮುಂದಿಟ್ಟಳು. ವಿಭೂತಿ, ಊದಿನಕಡ್ಡಿ, ಲೋಬಾನ, ಕರ್ಪೂರ. ಅಷ್ಟೂ ಹೊತ್ತು ಎರಡೂ ಕಡೆಯ ಮಂದಿ, ಎಲ್ಲಿ ಘಮ ಮೂಗಿಗೆ ಬಿದ್ದೀತೋ ಅಂತ, ಉಸಿರು ಬಿಗಿಹಿಡಿದು ಕೂತಿದ್ದರು. ಹುಡುಗನ ಮುಖ ಬದನೆಕಾಯಿಯಾಗಿತ್ತು.

ಮಂಗಳಾರತಿ ಆದ ಮೇಲೆ ಎಲ್ಲರೂ ಮೂಸಿದರು.

"ಇದು ಕರ್ಪೂರ," ಅಂದಳು ಅವ್ವ. "ಇದೂ ಕರ್ಪೂರನ."

ಹುಡುಗ ಪಾಪ ನನ್ನ ಪರ ವಹಿಸಲು ಹೋಗಿ, "ಇದ್ರಾಗ ಸ್ವಲ್ಪ ಮಿರ್ಚಿ ವಾಸ್ನಿ ಅದ ನೋಡ್ರಿ," ಅಂದ. ಅವನು ಮೂಸಿದ್ದು ತನ್ನ ಕೈಯನ್ನೇ.

ಮುಗೀತು ನನ್ನ ನೌಕರಿ ಅಂತ ಕಣ್ಣಲ್ಲಿ ನೀರು ಬಂತು. ಅಷ್ಟರಲ್ಲಿ ಅವನ ತಾಯಿ, ಪ್ರಸಾದ ಚೆಲ್ಲಬಾರದೆಂದು, ಬರೀ ರಸದ ಬಟ್ಟಲು ಎತ್ತಿ ಕುಡಿದರು. "ಸಿಹಿ ಅದ," ಅಂದರು, ಅಷ್ಟೇ. ಆಮೇಲೆ ಕಿಣ್ವದ ಬಟ್ಟಲು. ಎರಡು ಗುಟುಕು ಇಳಿಯಿತೋ ಇಲ್ಲವೋ, ಕಣ್ಣು ಅಗಲವಾದವು.

"ಯವ್ವಾ! ಬಾಯಿತುಂಬ ಗುಲಾಬಿ ಹೂ ಇಟ್ಕೊಂಡಂಗಾತಲ್ಲ! ಇದನ್ನ ನಮ್ಮನೀಗೂ ಮಾಡಿ ಕೊಡ್ತೀ ಏನವ್ವ?"

"ನೌಕರಿ ಇದ್ರ ಮಾಡಿ ಕೊಡ್ತೀನ್ರಿ," ಅಂದೆ.

ಆಕೆ ಬಟ್ಟಲಿನ ತಳವನ್ನು ಬೆರಳಿನಿಂದ ಸವರಿ ನೆಕ್ಕಿ, ಮಗನ ಕಡೆ ತಿರುಗಿದರು.

"ಲೇ, ದೇವದುರ್ಗದಿಂದ ರಾಯಚೂರಿಗೆ ಮುಂಜಾನಿ ಮೊದ್ಲನೇ ಬಸ್ ಎಷ್ಟಕ್ಕದ, ಕೇಳ್ಕೊಂಡ್ ಬಾ."