ಕೋಳಿಯ ಸರ

ಮಣಿ ಪೋಣಿಸುವುದರಲ್ಲಿ ಮಣಿಯಕ್ಕನದು ಎತ್ತಿದ ಕೈ. ಬಣ್ಣಗಳು ಹದವಾಗಿ ಹಂಚಿಕೊಂಡಿರಬೇಕು. ಒಂದೇ ಕಡೆ ಗುಂಪುಗಟ್ಟಿದರೆ ಅವಳಿಗೆ ಊಟ ಸೇರುವುದಿಲ್ಲ. ಗಂಡನ ಅಂಗಿಯ ಕಾಲರು ಸೊಟ್ಟಗಿದ್ದರೂ ಎದ್ದು ಹೋಗಿ ಸರಿಮಾಡುವ ಹೆಂಗಸು. ಅವಳ ಕೈಯಿಂದ ಹೋದ ಸರ ವಾಪಸು ಬಂದದ್ದೇ ಇಲ್ಲ. ಈಗ ಬಂತು ನೋಡಿ, ಅದೂ ಪ್ರದರ್ಶನದ ಹಿಂದಿನ ದಿನ.

ತಂದವಳು ತಂಗಿಯ ಮಗಳು, ವಸ್ತುಸಂಗ್ರಹಾಲಯದಲ್ಲಿ ಪ್ರಾಣಿಗಳ ಡಿಎನ್‌ಎ ಅಭ್ಯಾಸ ಮಾಡುವವಳು. ಮೇಲಿನವರ ಹತ್ತಿರ ಪಟ್ಟು ಹಿಡಿದು ಈ ಕೆಲಸ ಕೊಡಿಸಿದವಳೂ ಅವಳೇ. ಡಿಎನ್‌ಎಯ ನಾಲ್ಕು ಅಕ್ಷರಗಳಿಗೆ ನಾಲ್ಕು ಬಣ್ಣ, ಪ್ರಾಣಿಗೊಂದು ಸರ, ಪ್ರದರ್ಶನದಲ್ಲಿ ಸಾಲಾಗಿ ಕೊಕ್ಕೆಗಳಿಗೆ ತೂಗುಹಾಕಲು.

"ದೊಡ್ಡಮ್ಮ, ಕೋಳಿಯಲ್ಲಿ ಕೆಂಪು, ಹಳದಿ ಕೆಲವು ಕಡೆ ಗಿಜಿಗುಡ್ಬೇಕು, ಕೆಲವು ಕಡೆ ಕಮ್ಮಿ ಇರ್ಬೇಕು. ನೋಡ್ಕೊಂಡು ಪೋಣಿಸೋಕೆ ಕೊಟ್ಟ ಚಿತ್ರದಲ್ಲಿ ಹಾಗೇ ಇತ್ತಲ್ಲ."

"ಬರೆದೋರು ಅವಸರದಲ್ಲಿ ಬಳಿದಿದಾರೆ ಅಂದ್ಕೊಂಡೆ ಕಣೆ. ಪಾಪ ಅಂತ ನಾನೇ ಸರಿಮಾಡಿದೆ."

ಹುಡುಗಿಗೆ ಅಳುವುದೋ ನಗುವುದೋ ತಿಳಿಯಲಿಲ್ಲ. "ಬಣ್ಣ ಹೆಚ್ಚುಕಮ್ಮಿ ಸಮನಾಗಿ ಹರಡಿರೋದು ಕಪ್ಪೇಲಿ. ಕೋಟ್ಯಂತರ ವರ್ಷದಲ್ಲಿ ಹಕ್ಕಿಗಳದ್ದೂ ನಮ್ಮದೂ ಹೀಗೆ ಗುಂಪುಗಟ್ಟೋ ದಾರಿ ಹಿಡೀತು. ನೀನು ಕೋಳಿ ಅಂತ ಕಪ್ಪೆ ಮಾಡಿಟ್ಟಿದೀಯ."

ಪುಣ್ಯಕ್ಕೆ ಕಪ್ಪೆಯ ಸರ ಇನ್ನೂ ಆಗಿರಲಿಲ್ಲ, ಇದೇ ಅದಾಯಿತು. ಆದರೆ ಬೆಳಗಾಗುವುದರೊಳಗೆ ಕೋಳಿ ಆಗದಿದ್ದರೆ ಅದರ ಕೊಕ್ಕೆ ಖಾಲಿ, ಹುಡುಗಿ ಎಲ್ಲರೆದುರು ತಲೆ ತಗ್ಗಿಸಬೇಕು.

ಮಣಿಯಕ್ಕ ಕೂತಳು. ಕೈ ಮಾತು ಕೇಳಬೇಕಲ್ಲ! ನಾಲ್ಕು ಕೆಂಪು ಪೋಣಿಸುವಷ್ಟರಲ್ಲಿ ಬೆರಳು ತಾನಾಗಿ ನೀಲಿಗೆ ಹೋಗುತ್ತಿತ್ತು. ಪೋಣಿಸಿ ಬಿಚ್ಚಿ, ಪೋಣಿಸಿ ಬಿಚ್ಚಿ, ಕಣ್ಣಲ್ಲಿ ನೀರೇ ಬಂತು.

ಗಂಡ ಪೇಪರು ಮಡಚದೆ ಹಾಗೇ ನೆಲಕ್ಕೆ ಬಿಟ್ಟು ಎದ್ದು ಬಂದ. ಬಸ್ ಕಂಡಕ್ಟರ್ ಆಗಿದ್ದವನು; ಮದುವೆಯಾದಾಗಿನಿಂದ ಅವನ ಅಸ್ತವ್ಯಸ್ತತೆಗೆ ಅವಳಿಂದ ಬೈಗುಳ ತಪ್ಪಿದ್ದಿಲ್ಲ. ಚಿತ್ರವನ್ನು ಮಂಡಿಯ ಮೇಲಿಟ್ಟುಕೊಂಡು, "ಮಣಿ ತಟ್ಟೆ ಕಡೆ ನೋಡ್ಬೇಡ. ನಾನು ಕೊಟ್ಟಿದ್ದನ್ನ ಪೋಣಿಸು" ಎಂದ.

ಕೆಂಪು, ಹಳದಿ, ಹಳದಿ, ಕೆಂಪು. ಅವಳ ಕೈ ಕಳ್ಳತನದಲ್ಲಿ ನೀಲಿಯತ್ತ ಸರಿಯಿತು.

"ನೀಲಿಗೆ ಇಲ್ಲಿ ಸೀಟಿಲ್ಲ. ಮುಂದಿನ ಸ್ಟಾಪಲ್ಲಿ ಹತ್ತಿಸ್ತೀನಿ."

"ಸುಮ್ನಿರ್ರಿ" ಎಂದು ನಗಲು ಹೋಗಿ ತಟ್ಟೆಯೇ ಮಗುಚಿತು. ಇಬ್ಬರೂ ಮಂಚದಡಿ ಮಣಿ ಹೆಕ್ಕುತ್ತ ಇನ್ನಷ್ಟು ನಕ್ಕರು. ಊಟದ ಹೊತ್ತಿಗೆ ಕೋಳಿ ತಯಾರು.

ಮರುದಿನ ಆ ಸರದ ಮುಂದೆಯೇ ಜನ. ತಂಗಿಯ ಮಗಳ ಮುಖ ಅರಳಿತ್ತು. ಯಾರೋ ಕೇಳಿದರು, "ಇಲ್ಲೇನು, ಬಣ್ಣ ಹೀಗೆ ಮುತ್ತಿಕೊಂಡಿದೆ?"

"ಅದು ಹಾಗೇ ಇರ್ಬೇಕು" ಎಂದಳು ಮಣಿಯಕ್ಕ, ಬಲು ಠೀವಿಯಿಂದ.

ಪಕ್ಕದಲ್ಲಿ ಗಂಡ ಅಂಗಿಯ ಗುಂಡಿಗಳನ್ನು ಮೇಲೆ ಕೆಳಗೆ ಹಾಕಿಕೊಂಡು ನಿಂತಿದ್ದ. ಅವಳು ನೋಡಿದಳು. ಕೈ ಅತ್ತ ಹೋಯಿತು ಕೂಡ. ಗುಂಡಿ ಮುಟ್ಟದೆ ಅವನ ತೋಳು ಹಿಡಿದು ನಿಂತಳು.